ಗುಂಡಿ ತೋಡಿದರೆ ಸಾಲದು, ಹೂಳು ನಿಲ್ಲಬೇಕು

ಅರಸೀಕೆರೆ ತಾಲ್ಲೂಕಿಗೆ ಮಳೆ ಬರುವುದೇ ಕಮ್ಮಿ. ವರ್ಷಕ್ಕೆ ೭೦೦ ಮಿಲಿಮೀಟರ್ ಆಸುಪಾಸು ಬಿದ್ದರೆ ಜನ ಕೈ ಮುಗಿಯುತ್ತಾರೆ. ಆದರೆ ಬರುವ ಮಳೆ ಹದ ನೋಡಿಕೊಂಡು ಬರುವುದಿಲ್ಲ. ಭರಣಿಯಲ್ಲೋ, ಹಸ್ತ-ಚಿತ್ತೆಯಲ್ಲೋ ಒಂದು ಸಂಜೆ ಗುಡುಗಿ, ಒಂದು ಗಂಟೆ ಹೊಯ್ದು, ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ನಿಂತವರನ್ನೆಲ್ಲ ಅಂಗಡಿ ಜಗಲಿಗೆ ಹತ್ತಿಸಿ ಹೊರಟುಹೋಗುತ್ತದೆ. ಆ ಒಂದು ಗಂಟೆಯ ನೀರೇ ಕೆರೆಗೆ ಆಧಾರ, ಕೆರೆಯೇ ತೆಂಗಿಗೆ ಆಧಾರ. ಆ ನೀರು ದಾರಿಯಲ್ಲಿ ಏನನ್ನು ಹೊತ್ತು ತರುತ್ತಿದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಲ್ಲು ಅಗೆಯುವುದು ಈ ಸೀಮೆಗೆ ಹೊಸದೇನಲ್ಲ. ಹೊಯ್ಸಳರ ಕಾಲದಲ್ಲಿ ಬಳಪದ ಕಲ್ಲು ಕಡಿದು ತಂದೇ ಹಳೇಬೀಡು, ಬೇಲೂರು, ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ ಎಲ್ಲ ಎದ್ದದ್ದು. ಆದರೆ ಉಳಿಯಿಂದ ಅಗೆದ ಕಲ್ಲಿಗೂ, ಸಿಡಿಮದ್ದು ಇಟ್ಟು ಹಿಟಾಚಿಯಲ್ಲಿ ಬಾಚಿ ಕ್ರಷರಿಗೆ ಹಾಕುವ ಕಲ್ಲಿಗೂ ವ್ಯತ್ಯಾಸ ಇದೆ. ಈಗಿನ ಕೆಲಸದಲ್ಲಿ ಮೊದಲು ಮೇಲ್ಮಣ್ಣು ಹೋಗುತ್ತದೆ, ಆಮೇಲೆ ಗಿಡ-ಹುಲ್ಲು ಹೋಗುತ್ತದೆ, ಕೊನೆಗೆ ಉಳಿಯುವುದು ಬೋಳು ಗುಡ್ಡ, ಪುಡಿ ರಾಶಿ, ಲಾರಿ ಓಡಿ ಹಿಟ್ಟಾದ ರಸ್ತೆ. ಒಂದು ಮಳೆ ಬಿದ್ದರೆ ಸಾಕು, ಈ ಹಿಟ್ಟೆಲ್ಲ ಕದಡಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಳ್ಳ ಇರುವುದು ಕೆರೆಗೆ ಹೋಗೋದಕ್ಕೇ.

ಹೂಳು ಬಂದರೆ ಬರಲಿ ಬಿಡಿ, ಹೊಲಕ್ಕೆ ಗೊಬ್ಬರ ಆಯಿತಲ್ಲ ಅನ್ನುವವರೂ ಇದ್ದಾರೆ. ಇದು ತಿಳಿಯದೆ ಆಡುವ ಮಾತು. ರೈತರು ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಹೊಲಕ್ಕೆ ಹೊಡೆಯುವ ಕೆರೆಗೋಡು ಮಣ್ಣೇ ಬೇರೆ. ಅದು ಮೇಲಿನ ಹೊಲಗಳ ಸಾರ, ಎಲೆ-ಸಗಣಿ ಕೊಳೆತ ಮಣ್ಣು. ಕ್ವಾರಿಯಿಂದ ಬರುವುದು ಬರೀ ಕಲ್ಲಿನ ಹಿಟ್ಟು. ಅದರಲ್ಲಿ ಬೆಳೆಗೆ ಬೇಕಾದ ಸತ್ವ ಇಲ್ಲ. ಕೆರೆ ತಳದಲ್ಲಿ ಕೂತರೆ ಸಗಣಿ ಸಾರಿಸಿದ ಹಾಗೆ ನೀರು ಇಂಗುವ ಸಂದುಗಳನ್ನು ಮುಚ್ಚಿಬಿಡುತ್ತದೆ. ಕೆರೆಯಲ್ಲಿ ನೀರು ಕಂಡರೂ ಅಚ್ಚುಕಟ್ಟಿನ ಬೋರ್‌ವೆಲ್ಲಿಗೆ ಜಿನುಗುವುದಿಲ್ಲ. ಬೋರ್‌ವೆಲ್ ಬತ್ತಿದರೆ ತೆಂಗಿನ ಸುಳಿ ಒಣಗುತ್ತದೆ. ತೆಂಗು ಹೋದರೆ ಕೊಬ್ಬರಿ ಇಲ್ಲ, ಕೊಬ್ಬರಿ ಇಲ್ಲದ ವರ್ಷ ದಿನಸಿ ಅಂಗಡಿಯ ಉದ್ರಿ ಪುಸ್ತಕ ವಸೂಲಾಗುವುದೂ ಇಲ್ಲ. ಗುಡ್ಡದ ಮೇಲಿನ ಮಣ್ಣು ಅಂಗಡಿ ಗಲ್ಲಕ್ಕೆ ಬಂದು ಮುಟ್ಟುವ ದಾರಿ ಇದು.

ಹಾಗಾದರೆ ಕ್ವಾರಿ ಮುಚ್ಚಬೇಕೆ? ಹಾಗೆ ಹೇಳುವುದು ಸುಲಭ. ಮನೆ ಕಟ್ಟುವವರಿಗೆ ಜಲ್ಲಿ ಬೇಕು, ರಸ್ತೆಗೆ ಜಲ್ಲಿ ಬೇಕು, ನದಿ ಮರಳು ಸಿಗದ ಈ ಕಾಲದಲ್ಲಿ ಎಂ-ಸ್ಯಾಂಡೂ ಬೇಕು. ರಸ್ತೆ ಗುಂಡಿ ಬಿದ್ದಿದೆ ಎಂದು ಬಸ್ಸಿನಲ್ಲಿ ಕೂತು ಬೈಯುವವರೇ ಜಲ್ಲಿ ಬೇಡ ಅಂದರೆ ಆಗುತ್ತದೆಯೆ? ಕಲ್ಲು ತೆಗೆಯಲಿ. ಆದರೆ ಮಣ್ಣನ್ನು ಗುಡ್ಡದ ಬುಡದಲ್ಲೇ ನಿಲ್ಲಿಸಿ, ನೀರನ್ನು ಮಾತ್ರ ಕೆಳಕ್ಕೆ ಬಿಡಲಿ. ಅದಕ್ಕೆ ಇರುವ ಉಪಾಯವೇ ಹೂಳು ಇಳಿಸುವ ಹೊಂಡ. ಇದು ಹೊಸ ವಿದ್ಯೆಯೇನಲ್ಲ, ದುಬಾರಿ ಯಂತ್ರವೂ ಅಲ್ಲ. ತೊಂದರೆ ಇರುವುದು, ಹೊಂಡ ಎಂದರೆ ಒಂದು ಗುಂಡಿ ಎಂದು ಎಲ್ಲರೂ ತಿಳಿದಿರುವುದರಲ್ಲಿ.

ಸ್ವಲ್ಪ ಲೆಕ್ಕ ನೋಡೋಣ. ಹತ್ತು ಎಕರೆಯ ಒಂದು ಕ್ವಾರಿ ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ೫೦ ಮಿಲಿಮೀಟರ್, ಅಂದರೆ ಎರಡು ಅಂಗುಲ ಮಳೆ ಬಿತ್ತು. ಅಷ್ಟು ಜಾಗದ ಮೇಲೆ ಬಿದ್ದ ನೀರು ೨೦ ಲಕ್ಷ ಲೀಟರ್. ಹುಲ್ಲುಗಾವಲಾಗಿದ್ದರೆ ಒಳ್ಳೆಯ ಪಾಲು ಇಂಗುತ್ತಿತ್ತು. ಬೋಳು ಬಂಡೆ, ಗಟ್ಟಿ ರಸ್ತೆಯ ಮೇಲೆ ನೂರಕ್ಕೆ ಎಪ್ಪತ್ತು ಪಾಲು ಹರಿದುಹೋಗುತ್ತದೆ ಎಂದರೂ ೧೪ ಲಕ್ಷ ಲೀಟರ್ ಆಯಿತು. ೫,೦೦೦ ಲೀಟರಿನ ಟ್ಯಾಂಕರುಗಳು ೨೮೦. ಒಂದೇ ಗಂಟೆಯಲ್ಲಿ! ಇದಕ್ಕೆ ಎದುರಾಗಿ ಮೂಲೆಯಲ್ಲಿ ೨೦ ಅಡಿ ಉದ್ದ, ೨೦ ಅಡಿ ಅಗಲ, ಆರಡಿ ಆಳದ ಒಂದು ಗುಂಡಿ ತೋಡಿ, ಇದೇ ನಮ್ಮ ಹೊಂಡ ಎಂದು ಯಾರಾದರೂ ತೋರಿಸಿದರೆ, ಅದು ಹಿಡಿಯುವುದು ೬೮ ಸಾವಿರ ಲೀಟರ್. ಮೂರು ನಿಮಿಷದಲ್ಲಿ ತುಂಬಿ ಹರಿಯುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ತುಂಬಿ ಹರಿಯುವುದು ತಪ್ಪಲ್ಲ. ಮಳೆ ನೀರನ್ನೆಲ್ಲ ಹಿಡಿದಿಡಲು ಹೊಂಡವೇನು ಸಮುದ್ರವಲ್ಲ. ಹರಿದುಹೋಗುವ ಮೊದಲು ಮಣ್ಣು ತಳ ಕಾಣಬೇಕು, ಅಷ್ಟೆ. ಇಲ್ಲೇ ಇಂಜಿನಿಯರ್ ಲೆಕ್ಕ ಬರುವುದು. ಒಂದು ಬಿಂದಿಗೆ ಕೆಂಪು ನೀರು ತಂದು ಮನೆಯಲ್ಲಿಟ್ಟು ನೋಡಿ. ಮರಳು ಆಗಲೇ ತಳ ಸೇರಿರುತ್ತದೆ. ನಯವಾದ ಮಣ್ಣು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಜೇಡಿ ಮಾತ್ರ ಮಾರನೇ ದಿನವೂ ನೀರನ್ನು ಹಾಲಿನಂತೆ ಕದಡಿಯೇ ಇಟ್ಟಿರುತ್ತದೆ. ಕಣದ ಗಾತ್ರ ಅರ್ಧವಾದರೆ ಇಳಿಯುವ ವೇಗ ಅರ್ಧವಾಗುವುದಿಲ್ಲ, ಕಾಲು ಪಾಲಾಗುತ್ತದೆ. ಸ್ಟೋಕ್ಸ್ ಎಂಬ ವಿಜ್ಞಾನಿ ೧೮೫೧ರಲ್ಲೇ ಕೊಟ್ಟ ಸೂತ್ರ ಇದು. ಒಂದು ಮೀಟರ್ ಆಳ ಇಳಿಯಲು, ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಮರಳಿಗೆ ಎರಡು ನಿಮಿಷ ಸಾಕು. ಐವತ್ತನೇ ಒಂದು ಪಾಲಿನ ಕಣಕ್ಕೆ ಮುಕ್ಕಾಲು ಗಂಟೆ ಬೇಕು. ನೂರನೇ ಒಂದು ಪಾಲಿನದಕ್ಕೆ ಮೂರು ಗಂಟೆ. ಐನೂರನೇ ಒಂದು ಪಾಲಿನ ಜೇಡಿಗೆ ಮೂರು ದಿನದ ಮೇಲಾಗುತ್ತದೆ, ಅದೂ ನೀರು ಅಲುಗಾಡದೆ ನಿಂತರೆ.

ಆಳ ಮಾಡಿದಷ್ಟೂ ಒಳ್ಳೆಯದು ಅಂತ ಸಾಮಾನ್ಯವಾಗಿ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಆಳ ಹೆಚ್ಚಿದರೆ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ ನಿಜ, ಆದರೆ ಕಣವೂ ಅಷ್ಟೇ ಹೆಚ್ಚು ದೂರ ಇಳಿಯಬೇಕು, ಅಲ್ಲಿಗಲ್ಲಿಗೆ ಸರಿಹೋಯಿತು. ಕೆಲಸ ಮಾಡುವುದು ಹರವು. ಚೊಂಬಿಗಿಂತ ತಟ್ಟೆ ಮೇಲು. ಮೇಲೆ ಹೇಳಿದ ಹತ್ತು ಎಕರೆ ಕ್ವಾರಿಯ ಆ ಮಳೆಗೆ, ಐವತ್ತನೇ ಒಂದು ಪಾಲಿನ ಕಣ ನಿಲ್ಲಬೇಕಾದರೆ ಹೊಂಡದ ಹರವು ಸುಮಾರು ೧೧ ಗುಂಟೆ ಇರಬೇಕು. ನೂರನೇ ಒಂದು ಪಾಲಿನದೂ ನಿಲ್ಲಬೇಕಾದರೆ ಒಂದು ಎಕರೆ ದಾಟುತ್ತದೆ. ಇದು ಪುಸ್ತಕದ ಲೆಕ್ಕ. ಸುಳಿ-ಸೆಳೆತಕ್ಕೆ ಒಂದಿಷ್ಟು ಜಾಸ್ತಿಯೇ ಇಟ್ಟುಕೊಳ್ಳಬೇಕು. ೨೦ ಅಡಿ ಚೌಕದ ಗುಂಡಿ ಎಲ್ಲಿ, ೧೧ ಗುಂಟೆ ಎಲ್ಲಿ? ಮೂವತ್ತು ಪಟ್ಟು ಅಂತರ.

ಹೊಂಡದ ಆಕಾರವೂ ಮುಖ್ಯ. ಅಗಲಕ್ಕಿಂತ ಉದ್ದ ಎರಡು-ಮೂರು ಪಟ್ಟಾದರೂ ಇರಬೇಕು. ನೀರು ಒಳಬರುವ ಬಾಯಿ ಒಂದು ತುದಿಗೆ, ಹೊರಹೋಗುವ ಬಾಯಿ ಇನ್ನೊಂದು ತುದಿಗೆ. ಎರಡನ್ನೂ ಒಂದೇ ಮಗ್ಗುಲಿಗೆ ಇಟ್ಟರೆ ನೀರು ಅಡ್ಡದಾರಿ ಹಿಡಿದು ಹೊಂಡವನ್ನೇ ಮುಟ್ಟದೆ ಹೋಗುತ್ತದೆ, ಟಿಕೆಟ್ ತಗೊಳ್ಳದೆ ಹಿಂದಿನ ಬಾಗಿಲಲ್ಲಿ ಇಳಿಯುವವರ ಹಾಗೆ. ದೊಡ್ಡ ಹೊಂಡಕ್ಕೆ ಮುಂಚೆ ಒಂದು ಚಿಕ್ಕ ಹೊಂಡ ಇದ್ದರೆ ದಪ್ಪ ಮರಳು ಅಲ್ಲೇ ನಿಂತು, ತೆಗೆದುಹಾಕಲು ಸಲೀಸು. ದೊಡ್ಡ ಮಳೆಗೆ ಏರಿ ಕೊಚ್ಚಿಹೋಗದಂತೆ ಕಲ್ಲು ಕಟ್ಟಿದ ಕೋಡಿ ಬೇಕೇ ಬೇಕು. ಕೋಡಿ ಇಲ್ಲದ ಏರಿ ಕಟ್ಟಿದರೆ ಕೆಳಗಿನವರ ತಲೆ ಮೇಲೆ ಬಾಂಬ್ ಇಟ್ಟ ಹಾಗೆ. ಸುತ್ತ ಬೇಲಿ ಹಾಕುವುದನ್ನಂತೂ ಹೇಳಿಸಿಕೊಳ್ಳಬಾರದು. ದನ ಕಾಯುವ ಹುಡುಗರು ಈಜಲು ಇಳಿಯುವುದು ಇಂಥ ಗುಂಡಿಗಳಿಗೇ.

ಇದಕ್ಕೂ ಮೊದಲಿನ ಕೆಲಸ ಒಂದಿದೆ. ಗುಡ್ಡದ ಮೇಲಿನಿಂದ ಬರುವ ತಿಳಿ ನೀರು ಕ್ವಾರಿಯೊಳಕ್ಕೇ ಬರದಂತೆ ಸುತ್ತಲೂ ಹಾರದ ಹಾಗೆ ಚರಂಡಿ ತೋಡಿ ಬೇರೆ ದಾರಿಗೆ ತಿರುಗಿಸುವುದು. ಗಣಿಯವರ ಭಾಷೆಯಲ್ಲಿ ಅದಕ್ಕೆ ಗಾರ್ಲೆಂಡ್ ಡ್ರೈನ್ ಎಂದೇ ಹೆಸರು. ಕೊಳೆ ಮುಟ್ಟದ ನೀರನ್ನು ಕೊಳೆ ಮಾಡಿ ಮತ್ತೆ ತೊಳೆಯುವುದು ಯಾವ ಜಾಣತನ? ಪುಡಿ ರಾಶಿಯ ಬುಡಕ್ಕೆ ಕಲ್ಲಿನ ಗೋಡೆ, ಇಳಿಜಾರಿಗೆ ಹುಲ್ಲು, ಲಾವಂಚ. ಇಷ್ಟು ಮಾಡಿದರೆ ಹೊಂಡಕ್ಕೆ ಬರುವ ಹೂಳೇ ಅರ್ಧಕ್ಕರ್ಧ ಇಳಿಯುತ್ತದೆ. ಉಳಿದ ಜೇಡಿಗೆ ಪಟಕ ಹಾಕುವುದುಂಟು. ಹಿಂದೆ ಹಳ್ಳಿಗಳಲ್ಲಿ ಕುಡಿಯುವ ನೀರಿನ ಮಡಕೆಗೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದದ್ದೂ ಇದೇ ತತ್ತ್ವದ ಮೇಲೆ.

ಕಾನೂನಿನಲ್ಲಿ ಇದೆಲ್ಲ ಇಲ್ಲವೆ ಎಂದರೆ, ಇದೆ. ಗಣಿಗಳಿಗೆ ಕೊಡುವ ಪರಿಸರ ಅನುಮತಿ ಪತ್ರಗಳಲ್ಲಿ ಮಾಮೂಲಾಗಿ ಬರುವ ಷರತ್ತು ಇದು: ಹೊಂಡದ ಅಳತೆಯನ್ನು ೫೦ ವರ್ಷದ ಮಳೆ ದಾಖಲೆ ನೋಡಿ, ಅತಿ ದೊಡ್ಡ ಮಳೆಗೆ ಲೆಕ್ಕ ಹಾಕಿ, ಅದರ ಮೇಲೆ ಶೇಕಡ ೫೦ ಹೆಚ್ಚು ಇಟ್ಟು ಮಾಡಬೇಕು, ಮಣ್ಣು ಇಳಿಯುವಷ್ಟು ಹೊತ್ತು ನೀರು ನಿಲ್ಲಬೇಕು, ಕಾಲಕಾಲಕ್ಕೆ ಹೂಳು ಎತ್ತಬೇಕು. ಹಳ್ಳಕ್ಕೆ ಬಿಡುವ ನೀರಿನಲ್ಲಿ ತೇಲುವ ಮಣ್ಣು ಲೀಟರಿಗೆ ೧೦೦ ಮಿಲಿಗ್ರಾಂ ಮೀರಬಾರದು ಎಂಬುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ. ನೂರು ಮಿಲಿಗ್ರಾಂ ಎಂದರೆ ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಇದು ದೊಡ್ಡ ಗಣಿಗಳಿಗೆ ಮಾತ್ರ, ಸಣ್ಣ ಕ್ವಾರಿಗೆ ಅಲ್ಲ ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ೨೦೧೨ರ ಫೆಬ್ರವರಿ ೨೭ರಂದು ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಕಡಿಮೆ ಇರುವ ಸಣ್ಣ ಖನಿಜದ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಷರತ್ತು ಕಾಗದದಲ್ಲಿ ಚೆನ್ನಾಗಿದೆ. ಕಾಗದ ಮಳೆಯಲ್ಲಿ ನಿಲ್ಲುವುದಿಲ್ಲ, ಅದೇ ಸಮಸ್ಯೆ.

ಮಣ್ಣನ್ನು ಮೇಲೆ ನಿಲ್ಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖವೇ ಸಾಕು. ೧೯೭೬ರಲ್ಲಿ ಹುಟ್ಟಿದ ಕಬ್ಬಿಣ ಅದಿರು ಕಂಪನಿ ಅಲ್ಲಿ ಅದಿರು ತೊಳೆದು ಉಳಿದ ಕೆಸರನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ಭಾರೀ ಅಣೆಕಟ್ಟನ್ನೇ ಕಟ್ಟಿತು. ಅದು ಕಾರ್ಖಾನೆಯ ಕೆಸರಿಗಾಯಿತು. ಆದರೆ ಅರಸೀಕೆರೆಯ ಹತ್ತು ಪಟ್ಟು ಮಳೆ ಸುರಿಯುವ ಆ ಗುಡ್ಡದಲ್ಲಿ, ಬಯಲಾದ ಗಣಿ ಮುಖದಿಂದ, ರಸ್ತೆಗಳಿಂದ ಹರಿಯುವ ನೀರಿನ ಕಥೆ ಬೇರೆ. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ಹೂಳಿನ ಮೇಲೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಲಾನಯನದಲ್ಲಿ ಅತಿ ಸಣ್ಣ ಭಾಗವಾದ ಗಣಿ ಪ್ರದೇಶವೇ ಹೊಳೆ ಹೊತ್ತೊಯ್ದ ಹೂಳಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕೊಡುತ್ತಿತ್ತು. ಸುಪ್ರೀಂ ಕೋರ್ಟಿನ ೨೦೦೨ರ ತೀರ್ಪಿನಂತೆ ೨೦೦೫ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಸಣ್ಣ ಜಾಗ, ದೊಡ್ಡ ಹೂಳು ಎಂಬ ಮಾತನ್ನು ಜಾವಗಲ್ಲಿನವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮದು ಬರೀ ನಾಲ್ಕು ಎಕರೆ ಎನ್ನುವ ಕ್ವಾರಿ ಮಾಲೀಕರಿಗೆ ಅದೇ ಉತ್ತರ.

ಇನ್ನೂ ಹತ್ತಿರದ್ದು ಚಿಕ್ಕನಾಯಕನಹಳ್ಳಿ. ಬಳ್ಳಾರಿ ಗಣಿಗಳನ್ನು ೨೦೧೧ರ ಜುಲೈ ೨೯ರಂದು ನಿಲ್ಲಿಸಿದ ಸುಪ್ರೀಂ ಕೋರ್ಟು, ಆಗಸ್ಟ್ ೨೬ರಂದು ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ಆ ಆದೇಶ ಹಬ್ಬಿಸಿದಾಗ ಚಿಕ್ಕನಾಯಕನಹಳ್ಳಿಯ ಅದಿರು ಲಾರಿಗಳೂ ನಿಂತವು. ಆಮೇಲೆ ನಡೆದದ್ದನ್ನು ಇಲ್ಲಿ ಮುಖ್ಯವಾಗಿ ಹೇಳಬೇಕು. ಮತ್ತೆ ಗಣಿ ಶುರು ಮಾಡಬೇಕಾದರೆ ಒಂದೊಂದು ಗುತ್ತಿಗೆಗೂ ಬೇರೆ ಬೇರೆಯಾಗಿ ಪುನಶ್ಚೇತನ ಯೋಜನೆ ಆಗಬೇಕೆಂದು ಕೋರ್ಟು ಪಟ್ಟು ಹಿಡಿಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನವರು ಗುಡ್ಡ ಗುಡ್ಡ ಹತ್ತಿ, ಇಲ್ಲಿ ತಡೆಗೋಡೆ, ಇಲ್ಲಿ ಚರಂಡಿ, ಕೊರಕಲಿಗೆ ಇಲ್ಲಿ ಕಲ್ಲು ತಡೆ, ಇಲ್ಲಿ ಹೂಳು ಹೊಂಡ ಎಂದು ನಕ್ಷೆ ಹಾಕಿ, ಖರ್ಚು ಬರೆದು ಕೊಟ್ಟರು. ಖರ್ಚು ಗಣಿಯವರದು. ೨೦೧೩ರ ಏಪ್ರಿಲ್ ೧೮ರ ತೀರ್ಪು ಅದಕ್ಕೆ ಮುದ್ರೆ ಒತ್ತಿತು. ಸಂಡೂರಿನ ನಾರಿಹಳ್ಳ ಜಲಾಶಯಕ್ಕೆ ಗಣಿ ಹೂಳು ತುಂಬಿದ ಮೇಲೆ ಬಂದ ಬುದ್ಧಿ ಇದು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೂ ಒಂದು ಮಾತು ಅಲ್ಲಿ ಸ್ಥಾಪನೆಯಾಯಿತು: ಹೊಂಡ, ಚರಂಡಿ ಮೊದಲು, ಅದಿರು ಆಮೇಲೆ. ಕಬ್ಬಿಣಕ್ಕೆ ಒಂದು ನ್ಯಾಯ, ಜಲ್ಲಿಗೆ ಒಂದು ನ್ಯಾಯ ಏಕೆ?

ಹೊಂಡ ಎಲ್ಲಕ್ಕೂ ಮದ್ದು ಎಂದೂ ತಿಳಿಯಬಾರದು. ಅದು ಇಳಿಸುವುದು ಮಣ್ಣನ್ನು ಮಾತ್ರ. ನೀರಲ್ಲಿ ಕರಗಿದ್ದು ಹಾಗೇ ದಾಟಿಹೋಗುತ್ತದೆ. ಹಾಸನ ಜಿಲ್ಲೆಯಲ್ಲೇ, ನುಗ್ಗೇಹಳ್ಳಿ ಕಡೆಯ ಬೈರಾಪುರ ಸುತ್ತ ಕ್ರೋಮೈಟ್ ಅದಿರು ತೆಗೆದ ಗಣಿಗಳಿವೆ. ಒಡಿಶಾದ ಸುಕಿಂದಾದಲ್ಲಿ ಕ್ರೋಮೈಟ್ ಗಣಿ ನೀರಿನಲ್ಲಿ ವಿಷದ ಕ್ರೋಮಿಯಂ ಕರಗಿ ಬಂದು, ಅದನ್ನು ಫೆರಸ್ ಸಲ್ಫೇಟ್ ಹಾಕಿ ಶುದ್ಧಿ ಮಾಡಬೇಕಾಗಿದೆ. ಅಂಥ ಕಡೆ ನೀರು ತಿಳಿಯಾದರೆ ಸಾಲದು, ಪರೀಕ್ಷೆಯೂ ಆಗಬೇಕು. ಜಲ್ಲಿ ಕ್ವಾರಿಗೆ ಆ ಭಯ ಅಷ್ಟಿಲ್ಲ.

ಅಲ್ಲಿ ಇರುವ ರೋಗ ಬೇರೆ: ಹೂಳು ಎತ್ತದೆ ಬಿಡುವುದು. ಮೊದಲ ವರ್ಷ ತೋಡಿದ ಹೊಂಡ ಎರಡನೇ ವರ್ಷಕ್ಕೆ ಅರ್ಧ ತುಂಬಿ, ಮೂರನೇ ವರ್ಷ ಮಟ್ಟಸ ಬಯಲಾಗಿ, ಮೇಲೆ ಜಾಲಿ ಬೆಳೆದು ನಿಂತರೆ ಆಶ್ಚರ್ಯವಿಲ್ಲ. ತುಂಬಿದ ಹೊಂಡ ಇಲ್ಲದ ಹೊಂಡಕ್ಕಿಂತ ಕೆಟ್ಟದ್ದು. ಹಿಂದಿನ ಮಳೆಯಲ್ಲಿ ನಿಂತ ಹೂಳನ್ನೂ ದೊಡ್ಡ ಮಳೆ ಬಂದಾಗ ಕೆದಕಿ ಒಟ್ಟಿಗೇ ಕೆರೆಗೆ ಕಳಿಸುತ್ತದೆ. ಅರ್ಧ ತುಂಬುವ ಮೊದಲೇ ಎತ್ತಬೇಕು, ಎತ್ತಿದ್ದನ್ನು ಹಳ್ಳದ ದಂಡೆಗೆ ಸುರಿಯದೆ ಕ್ವಾರಿಯ ಹಳೇ ಗುಂಡಿಗೇ ತುಂಬಬೇಕು. ಹಳಗಾಲದವರಿಗೆ ಈ ಬುದ್ಧಿ ಇತ್ತು. ಕೆರೆ ಕಟ್ಟಿಸಿ ಶಾಸನ ಹಾಕಿಸಿದವರು, ಕೆರೆಯ ಹೂಳು ಹೊರುವ ಬಂಡಿ ಓಡಾಡಲೆಂದೇ ಬೇರೆ ಭೂಮಿ ದತ್ತಿ ಬಿಟ್ಟ ಉದಾಹರಣೆಗಳು ಕನ್ನಡ ನಾಡಿನಲ್ಲಿ ಹಲವು. ಕಟ್ಟುವ ದುಡ್ಡು ಬೇರೆ, ಕಾಯುವ ದುಡ್ಡು ಬೇರೆ ಎಂದು ಅವರಿಗೆ ತಿಳಿದಿತ್ತು.

ಖರ್ಚು ಹೊರೆಯಾಗುತ್ತದೆ ಎಂದು ಕ್ವಾರಿಯವರು ಗೊಣಗಬಹುದು. ೧೧ ಗುಂಟೆ ಜಾಗ ಬಿಡುವುದು, ವರ್ಷಕ್ಕೊಮ್ಮೆ ಜೆಸಿಬಿ ತರಿಸುವುದು ಪುಕ್ಕಟೆ ಅಲ್ಲ, ಒಪ್ಪಬೇಕು. ಆದರೆ ಜೆಸಿಬಿ ಅವರ ಅಂಗಳದಲ್ಲೇ ನಿಂತಿದೆ. ಹೊಂಡದಲ್ಲಿ ನಿಂತ ನೀರು ರಸ್ತೆಗೆ ಚಿಮುಕಿಸಲು, ಎಂ-ಸ್ಯಾಂಡ್ ತೊಳೆಯಲು ಆಗುತ್ತದೆ. ಟ್ಯಾಂಕರ್ ಬಾಡಿಗೆ ಉಳಿಯುತ್ತದೆ. ಅವರು ಮಾಡದಿದ್ದರೆ ಅದೇ ಹೂಳನ್ನು ಹತ್ತು ವರ್ಷ ಬಿಟ್ಟು ಸರಕಾರ ಕೆರೆಯಿಂದ ಎತ್ತಿಸುತ್ತದೆ, ಟೆಂಡರ್ ಕರೆದು, ಜನರ ತೆರಿಗೆಯಲ್ಲಿ. ಆಗ ಬಿಲ್ಲು ಯಾರ ಹೆಸರಿಗೆ?

ಇದರಲ್ಲಿ ಊರಿನವರ ಪಾತ್ರ ಏನೂ ಇಲ್ಲ ಅನ್ನಬೇಡಿ. ಪರಿಸರ ಅನುಮತಿ ಪತ್ರದ ಒಂದು ಪ್ರತಿ ಸ್ಥಳೀಯ ಪಂಚಾಯ್ತಿಗೆ ಹೋಗಬೇಕು ಎಂಬುದು ಆ ಪತ್ರಗಳಲ್ಲೇ ಬರುವ ಷರತ್ತು. ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿಯನ್ನೂ ಗುತ್ತಿಗೆದಾರರು ಸಲ್ಲಿಸಬೇಕು. ಪಂಚಾಯ್ತಿ ಸದಸ್ಯರು ಬೀರುವಿನಿಂದ ಆ ಕಾಗದ ತೆಗೆಸಿ, ಅದರಲ್ಲಿ ಹೊಂಡದ ಅಳತೆ ಎಷ್ಟೆಂದು ನೋಡಿ, ಟೇಪು ಹಿಡಿದು ಗುಡ್ಡಕ್ಕೆ ಹೋಗಲಿ. ಅಳತೆ ತಾಳೆಯಾಗದಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ತಹಸೀಲ್ದಾರರಿಗೆ ಬರೆಯಲಿ. ಇಲಾಖೆಯವರೂ ಬಿಸಿಲಲ್ಲಿ ಬಂದು ಒಣ ಗುಂಡಿ ನೋಡಿ, ಟೀ ಕುಡಿದು, ಸರಿಯಾಗಿದೆ ಎಂದು ಬರೆದು ಹೋದರೆ ಆಗದು. ಮಳೆ ಬಿದ್ದ ಸಂಜೆ ಹೊಂಡದ ಕೋಡಿಯಲ್ಲಿ ಒಂದು ಬಾಟಲಿ, ಕೆಳಗೆ ಹಳ್ಳದಲ್ಲಿ ಒಂದು ಬಾಟಲಿ ನೀರು ಹಿಡಿಯಬೇಕು. ಲ್ಯಾಬು ಆಮೇಲೆ, ಎರಡು ಬಾಟಲಿಯ ಬಣ್ಣವೇ ಮೊದಲು ಸಾಕ್ಷಿ ಹೇಳುತ್ತದೆ.

ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದೊಂದು ೨೦೧೫ರ ಕಾಯ್ದೆ ತಿದ್ದುಪಡಿಯಿಂದ ಬಂದಿದೆ. ಗಣಿಯವರು ರಾಯಲ್ಟಿಯ ಜೊತೆಗೆ ಕಟ್ಟುವ ಹಣ ಅದರಲ್ಲಿ ಸೇರುತ್ತದೆ. ಕುಡಿಯುವ ನೀರು, ಪರಿಸರ ರಕ್ಷಣೆಗೆ ಆದ್ಯತೆ ಎಂದು ಅದರ ನಿಯಮವೇ ಹೇಳುತ್ತದೆ. ಕೆಲಸ ನಿಲ್ಲಿಸಿ ಮಾಲೀಕರು ಕೈಬಿಟ್ಟುಹೋದ ಹಳೇ ಕ್ವಾರಿಗಳ ಕೆಳಗೆ ಹೊಂಡ, ತಡೆ, ಬೇಲಿ ಮಾಡಿಸಲು ಈ ಹಣ ಕೇಳುವುದರಲ್ಲಿ ತಪ್ಪಿಲ್ಲ. ನಡೆಯುತ್ತಿರುವ ಕ್ವಾರಿಗೆ ಮಾತ್ರ ಇದರಿಂದ ಒಂದು ಕಾಸೂ ಕೊಡಕೂಡದು. ಅದು ಅವರ ಕರ್ತವ್ಯ.

ಇವೆಲ್ಲ ಆಗಬೇಕಾದದ್ದು ಬೇಸಿಗೆಯಲ್ಲಿ. ಅಶ್ವಿನಿ, ಭರಣಿ ಮಳೆಗೆ ಏಪ್ರಿಲ್ ತಿಂಗಳೇ ಹೊಸ್ತಿಲು. ಯುಗಾದಿ ಆದ ವಾರದಲ್ಲಿ ಕ್ವಾರಿ ಕ್ವಾರಿಗೂ ಹೋಗಿ ಹೊಂಡ ಅಳೆದು, ಹೂಳು ಎತ್ತಿಸಿ, ಕೋಡಿ ಸರಿ ಮಾಡಿಸಿ, ಮಾಡದವರ ಪರ್ಮಿಟ್ಟು ತಡೆಹಿಡಿಯಲು ತಾಲ್ಲೂಕಿನ ಅಧಿಕಾರಿಗಳು ಒಂದು ದಿನ ಗೊತ್ತುಮಾಡಲಿ. ಆ ದಿನ ಯಾವುದೆಂದು ಜಾವಗಲ್, ಬಾಣಾವರ, ಹಳೇಬೀಡಿನ ಪಂಚಾಯ್ತಿ ಬೋರ್ಡುಗಳ ಮೇಲೆ ಮೊದಲೇ ಬರೆಸಲಿ. ನೋಡಲು ಬರುವ ಜನ ಇದ್ದೇ ಇರುತ್ತಾರೆ.